ಗಾಂಜಾ ಬಿಟ್ಟು 25 ದಿನಗಳಾದ ಮೇಲೂ ಮೂತ್ರ ಪರೀಕ್ಷೆ ಪಾಸಿಟಿವ್ ಬರಬಹುದೇ?

ನಿಮ್ಮ ತಮ್ಮನಿಗೆ 22 ವರ್ಷ, ಎರಡು ವರ್ಷಗಳಿಂದ ದಿನವೂ ಗಾಂಜಾ ಸೇದುತ್ತಿದ್ದ, ಬಿಟ್ಟು 25 ದಿನಗಳಾದವು ಎಂದು ಅಮ್ಮನ ಮುಂದೆ ಆಣೆ ಮಾಡುತ್ತಾನೆ. ಆದರೂ ಲ್ಯಾಬಿನ ಮೂತ್ರ ಪರೀಕ್ಷೆ ಪಾಸಿಟಿವ್ ಬಂದಿದೆ, ಅವನು ಸುಳ್ಳು ಹೇಳುತ್ತಿದ್ದಾನೆಯೇ ಎಂದು ಕೇಳಿದ್ದೀರಿ. ಪ್ರಶ್ನೆಯ ಕೊನೆಗೆ, ಆರೇಳು ತಿಂಗಳಿಂದ ಅವನಿಗೆ ಆಗಾಗ ವಿಪರೀತ ವಾಂತಿಯಾಗುತ್ತಿತ್ತು, ಎಂಡೋಸ್ಕೋಪಿಯಲ್ಲಿ ಏನೂ ಕಾಣಲಿಲ್ಲ, ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದಾನೆ, ವಾಂತಿ ಬಂದಾಗಲೆಲ್ಲ ಬಚ್ಚಲು ಸೇರಿ ಗಂಟೆಗಟ್ಟಲೆ ಬಿಸಿನೀರು ಹೊಯ್ದುಕೊಳ್ಳುತ್ತಿದ್ದ ಎಂದೂ ಸೇರಿಸಿದ್ದೀರಿ. ಮನೋವೈದ್ಯನಾದ ನನ್ನ ಕಣ್ಣು ನಿಂತದ್ದು ಆ ಕೊನೆಯ ಮಾತಿನ ಮೇಲೆ. ಆದರೂ ನೀವು ಕೇಳಿದ್ದಕ್ಕೇ ಮೊದಲು ಉತ್ತರಿಸುತ್ತೇನೆ.

ಅವನು ನಿಜ ಹೇಳುತ್ತಿರಬಹುದು. ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಎಂಬ ಅಂಶ ಕೊಬ್ಬಿನಲ್ಲಿ ಕರಗುವಂಥದು. ದಿನವೂ ಸೇದುವವರ ಮೈಯ ಕೊಬ್ಬಿನಲ್ಲಿ ಅದು ಶೇಖರವಾಗಿ, ಬಿಟ್ಟ ಮೇಲೆ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಇಳಿದು, ಯಕೃತ್ತಿನಲ್ಲಿ ರೂಪ ಬದಲಿಸಿ ಮೂತ್ರದಲ್ಲಿ ಹೊರಬರುತ್ತದೆ. ಲ್ಯಾಬಿನವರು ಹುಡುಕುವುದು ಹೀಗೆ ರೂಪ ಬದಲಿಸಿದ, ಅಮಲು ಬರಿಸದ ಅವಶೇಷವನ್ನು. ಒಂದು ಮಿಲಿಲೀಟರ್ ಮೂತ್ರದಲ್ಲಿ ಅದು 50 ನ್ಯಾನೊಗ್ರಾಂ ಮೀರಿದರೆ ಸಾಮಾನ್ಯವಾಗಿ ಪಾಸಿಟಿವ್ ಎನ್ನುತ್ತಾರೆ. ಎಂದೋ ಒಮ್ಮೆ ಸೇದಿದವನ ಮೂತ್ರ ಮೂರ್ನಾಲ್ಕು ದಿನಗಳಲ್ಲಿ ಶುದ್ಧವಾದರೆ, ವರ್ಷಗಟ್ಟಲೆ ದಿನವೂ ಸೇದಿದವನಲ್ಲಿ ಅದಕ್ಕೆ ಒಂದು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಮೇಲಾಗಿ, ನೀವು ಹೆಸರಿಸಿದ ಪ್ಯಾಂಟೊಪ್ರಜೋಲ್ ಮಾತ್ರೆಯಿಂದಲೇ ಈ ಪ್ರಾಥಮಿಕ ಪರೀಕ್ಷೆ ತಪ್ಪಾಗಿ ಪಾಸಿಟಿವ್ ಬಂದ ಅಪರೂಪದ ಪ್ರಸಂಗಗಳೂ ವರದಿಯಾಗಿವೆ. ಸಂಶಯ ಉಳಿದರೆ ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೊಮೆಟ್ರಿ ವಿಧಾನದ ದೃಢೀಕರಣ ಪರೀಕ್ಷೆ ಮಾಡಿಸಬೇಕು. ಕೆಲವು ದಿನಗಳ ಅಂತರದಲ್ಲಿ ಎರಡು ಬಾರಿ ಅಳೆದು, ಮೂತ್ರ ಎಷ್ಟು ಗಾಢ ಎಂಬುದನ್ನು ತೋರಿಸುವ ಕ್ರಿಯಾಟಿನಿನ್‌ಗೆ ಹೋಲಿಸಿದರೆ ಪ್ರಮಾಣ ಇಳಿಯುತ್ತಿದೆಯೋ ಹೊಸದಾಗಿ ಏರಿದೆಯೋ ತಿಳಿಯುತ್ತದೆ. ನೆಗೆಟಿವ್ ಫಲಿತಾಂಶವನ್ನೂ ಹಾಗೆಯೇ ಕುರುಡಾಗಿ ನಂಬಬೇಡಿ: ಬಿಂದಿಗೆ ನೀರು ಕುಡಿದು ಕೊಟ್ಟ ಮೂತ್ರ ತೆಳುವಾಗಿರುತ್ತದೆ, ಗಾಂಜಾದ ಹೆಸರಿನಲ್ಲಿ ಮಾರುವ ಕೃತಕ ರಾಸಾಯನಿಕಗಳು ಈ ಪರೀಕ್ಷೆಗೆ ಸಿಗುವುದೇ ಇಲ್ಲ.

ಪರೀಕ್ಷೆ ನಿಜವೇ ಆದರೂ ಅದು ಹೇಳುವುದು ಗಾಂಜಾ ಮೈ ಸೇರಿತ್ತು ಎಂಬುದನ್ನಷ್ಟೇ. ಅವನು ವ್ಯಸನಿಯೇ ಎಂಬುದನ್ನು ಕೂತು ಮಾತನಾಡಿಸಿ ತಿಳಿಯಬೇಕು. ಅಮೆರಿಕದ ಮನೋವೈದ್ಯರ ಸಂಘ ಹೊರತಂದ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ಇದಕ್ಕೆ 11 ಲಕ್ಷಣಗಳಿವೆ: ಅಂದುಕೊಂಡದ್ದಕ್ಕಿಂತ ಹೆಚ್ಚು ಸೇದುವುದು, ಬಿಡಲು ಹೋಗಿ ಸೋಲುವುದು, ಕಾಲೇಜು ಅಥವಾ ಕೆಲಸ ಹಾಳಾಗುವುದು, ತೊಂದರೆ ಗೊತ್ತಿದ್ದೂ ಮುಂದುವರಿಸುವುದು, ಅಷ್ಟೇ ಮತ್ತಿಗೆ ಹೆಚ್ಚು ಸೊಪ್ಪು ಬೇಕಾಗುವುದು ಇತ್ಯಾದಿ. 12 ತಿಂಗಳ ಅವಧಿಯಲ್ಲಿ ಎರಡು ಮೂರು ಕಂಡರೆ ಸೌಮ್ಯ, ನಾಲ್ಕೈದಾದರೆ ಮಧ್ಯಮ, ಆರು ಅಥವಾ ಹೆಚ್ಚಾದರೆ ತೀವ್ರ. ಬಿಟ್ಟ ಮೊದಲ ವಾರ ಅವನು ಹೇಗಿದ್ದ ಎಂಬುದನ್ನೂ ನೆನಪಿಸಿಕೊಳ್ಳಿ. ಎರಡು ಮೂರು ದಿನಗಳೊಳಗೆ ಸಿಡುಕು, ನಿದ್ದೆಗೇಡು, ವಿಚಿತ್ರ ಕನಸುಗಳು, ಊಟ ಸೇರದಿರುವುದು, ಬೆವರು ಶುರುವಾಗಿ ಎರಡು ವಾರಗಳಲ್ಲಿ ತಗ್ಗಿದ್ದರೆ, ಅವನು ನಿಜಕ್ಕೂ ಬಿಟ್ಟನೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಆ ಲ್ಯಾಬಿನ ಕಾಗದದಲ್ಲಿ ಸಿಗುವುದಿಲ್ಲ.

ಇನ್ನು ಬಿಸಿನೀರಿನ ವಿಷಯ. ದೀರ್ಘಕಾಲ, ಹೆಚ್ಚಾಗಿ ದಿನವೂ, ಗಾಂಜಾ ಬಳಸಿದ ಕೆಲವರಲ್ಲಿ ವಾಂತಿಯ ಸರಣಿಗಳು ಬರುತ್ತವೆ, ಸುಡುವಷ್ಟು ಬಿಸಿಯಾದ ಸ್ನಾನ ಮಾತ್ರ ಅವರಿಗೆ ಸಮಾಧಾನ ಕೊಡುತ್ತದೆ; ಇದನ್ನು 2004ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ವೈದ್ಯರು ವಿವರವಾಗಿ ದಾಖಲಿಸಿದರು. ಕೀಮೋಥೆರಪಿಯ ವಾಂತಿಗೆ ಔಷಧಿಯಾಗಿ ಬಳಕೆಯಾಗುವ ಟಿಎಚ್‌ಸಿಯೇ ಇಲ್ಲಿ ವಾಂತಿ ತರಿಸುವುದರಿಂದ ರೋಗಿಗಳು ಇದನ್ನು ನಂಬುವುದಿಲ್ಲ, ವಾಂತಿ ನಿಲ್ಲಲೆಂದು ಇನ್ನೊಂದು ದಮ್ಮು ಎಳೆಯುತ್ತಾರೆ. ವಾಂತಿ ನಿಲ್ಲಿಸಲು ಸಾಮಾನ್ಯವಾಗಿ ಕೊಡುವ ಒಂಡಾನ್ಸೆಟ್ರಾನ್ ಹಲವರಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಆಸ್ಪತ್ರೆಗಳಲ್ಲಿ ಮನೋರೋಗದ ಔಷಧಿಯಾದ ಹ್ಯಾಲೊಪೆರಿಡಾಲ್ ಕೊಡುವುದುಂಟು, ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಮುಲಾಮನ್ನು ಹೊಟ್ಟೆಯ ಮೇಲೆ ಹಚ್ಚುವುದೂ ಉಂಟು, ಏಕೆಂದರೆ ಬಿಸಿಯನ್ನೂ ಖಾರವನ್ನೂ ಗ್ರಹಿಸುವ ನರದ ಗ್ರಾಹಕ ಒಂದೇ. (ಮನೆಯ ಖಾರದ ಪುಡಿಯಿಂದ ಇದನ್ನು ಮಾಡಲು ಹೋಗಬೇಡಿ.) ಖಚಿತವಾದ ಚಿಕಿತ್ಸೆ ಗಾಂಜಾ ಬಿಡುವುದೊಂದೇ. ಇದಕ್ಕೆ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಬೇರೆ ಕಾರಣಗಳನ್ನು ತಳ್ಳಿಹಾಕಿದ ಮೇಲೆ ರೋಗಿಯ ವೃತ್ತಾಂತದಿಂದಲೇ ಗುರುತಿಸಬೇಕು. ಎಂಡೋಸ್ಕೋಪಿ ಮಾಡಿದ ವೈದ್ಯರಿಗೆ ನಿಮ್ಮ ತಮ್ಮ ಗಾಂಜಾದ ಮಾತನ್ನಾಗಲಿ ಬಚ್ಚಲಿನ ಮಾತನ್ನಾಗಲಿ ಹೇಳಿರಲಿಕ್ಕಿಲ್ಲ ಎಂದು ನನ್ನ ಊಹೆ. ಮರ್ಯಾದೆಗೆ ಅಂಜಿ ಎಲ್ಲರೂ ಮುಚ್ಚಿಡುವುದು ಇದನ್ನೇ.

ಕಿವಿಯಲ್ಲಿ ಮಾತು ಕೇಳಿಸುವುದು, ಯಾರೋ ಹಿಂಬಾಲಿಸುತ್ತಾರೆಂಬ ಭಯ ಮುಂತಾದವು ಕಂಡಿದ್ದರೆ ಮಾತ್ರ ತಡಮಾಡದೆ ಮನೋವೈದ್ಯರ ಬಳಿ ಕರೆದೊಯ್ಯಿರಿ. ಹೊತ್ತು ಮೀರಿದರೆ ಕನ್ನಡದಲ್ಲೇ ಮಾತನಾಡುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. ಮತ್ತೆ ವಾಂತಿ ಶುರುವಾಗಿ ಮೂತ್ರ ಕಡಿಮೆಯಾದರೆ ಅಥವಾ ಗಾಢ ಬಣ್ಣಕ್ಕೆ ತಿರುಗಿದರೆ ಬಿಸಿನೀರನ್ನು ನೆಚ್ಚಿ ಕೂರಬೇಡಿ, ನಿರ್ಜಲೀಕರಣದಿಂದ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಈ 25 ದಿನಗಳಲ್ಲಿ ಎಷ್ಟು ಬಾರಿ ವಾಂತಿಯಾಯಿತೆಂದು ನೀವು ಬರೆದಿಲ್ಲ. ಒಮ್ಮೆಯೂ ಆಗಿಲ್ಲದಿದ್ದರೆ ಅದು ಅವನ ಮಾತಿನ ಪರವಾಗಿದೆ. ಆದರೆ ಈ ಕಾಯಿಲೆಯಲ್ಲಿ ಎರಡು ಸರಣಿಗಳ ನಡುವೆ ವಾರಗಟ್ಟಲೆ ಬಿಡುವೂ ಇರುವುದರಿಂದ, ಹಲವು ತಿಂಗಳು ಹೀಗೆಯೇ ಕಳೆದರೆ ಮಾತ್ರ ರೋಗನಿರ್ಣಯ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ವಾಂತಿಯಾದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಮುಂದಿನ ಭೇಟಿಗೆ ಅದನ್ನೇ ತೆಗೆದುಕೊಂಡು ಹೋಗಿ.