ಸಂಪಾದಕರ ಉತ್ತರ: ಶಾಲೆಯಿಂದ ಬಂದ ಕನ್ನಡ

ಮಾಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ದೀರ್ಘವಾಗಿದೆ. ಇಡಿಯಾಗಿ ಅಚ್ಚು ಹಾಕಲು ಜಾಗ ಸಾಲದು, ಹಾಗಾಗಿ ಉಳಿದ ಓದುಗರಿಗೆ ಅದರ ಸಾರ ಹೇಳಿ ಮುಂದುವರಿಯುತ್ತೇನೆ. ಶಿಕ್ಷಣ, ಸಮಾಜದ ಬದಲಾವಣೆ ಮತ್ತು ಸಾಂಸ್ಕೃತಿಕ ಪರಂಪರೆಯ ಬಗ್ಗೆ ನಡೆಯುವ ಸಂಶೋಧನೆಗಳ ಕುರಿತು ಕಳೆದ ಸಂಚಿಕೆಯಲ್ಲಿ ಒಂದು ಲೇಖನ ಹಾಕಿದ್ದೆವು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಕನ್ನಡ ಶಾಲೆಯಲ್ಲಿ ಬಾಳಿನ ಹೆಚ್ಚಿನ ಭಾಗ ಕಳೆದ ನಿಮಗೆ ಅದನ್ನು ಓದಿ ಸಿಟ್ಟು ಬಂದಿದೆ. ‘ನನ್ನ ಶಾಲೆಯ ಒಂದನೇ ತರಗತಿಯಲ್ಲಿ ಈ ಸಲ ಕೈಬೆರಳಲ್ಲಿ ಎಣಿಸುವಷ್ಟು ಮಕ್ಕಳೂ ಇಲ್ಲ. ಇದನ್ನು ತಿಳಿಯಲು ಪಿಎಚ್‌.ಡಿ. ಬೇಕೇ?’ ಎಂದು ಕೇಳಿದ್ದೀರಿ. ಇಂಗ್ಲಿಷ್ ಮೀಡಿಯಂಗೆ ಮಕ್ಕಳನ್ನು ಕಳಿಸುವ ಕನ್ನಡಿಗರನ್ನು ‘ಸಂಸ್ಕೃತಿದ್ರೋಹಿಗಳು’ ಎಂದಿದ್ದೀರಿ. ಸಂಶೋಧನೆಗೆ ಕೊಡುವ ಪುಟಗಳನ್ನು ಯಕ್ಷಗಾನ ಬಯಲಾಟಕ್ಕೂ ಭೂತಾರಾಧನೆಗೂ ಬಿಟ್ಟುಕೊಡಿ, ನಮಗೆ ಉಳಿದಿರುವುದು ಅದೊಂದೇ ಎಂದು ಪತ್ರ ಮುಗಿಸಿದ್ದೀರಿ.

ನಿಮ್ಮ ಸಿಟ್ಟಿನಲ್ಲಿ ಅರ್ಧ ಪಾಲು ನನ್ನದೂ ಇದೆ. ಜೂನ್ ತಿಂಗಳ ಆರನೇ ಕೆಲಸದ ದಿನ ತಲೆ ಎಣಿಸಿ ಮುಗಿಯುವ ತನಕ ನಮ್ಮ ಕನ್ನಡ ಶಾಲೆಗಳ ಅಧ್ಯಾಪಕರಿಗೆ ಊಟ ಸೇರುವುದಿಲ್ಲ. ಮಕ್ಕಳು ಕಡಿಮೆಯಾದರೆ ಡಿವಿಷನ್ (ತರಗತಿಯ ವಿಭಾಗ) ಹೋಗುತ್ತದೆ, ಡಿವಿಷನ್ ಹೋದರೆ ಹುದ್ದೆ ಹೋಗುತ್ತದೆ. ಕನ್ನಡ ಬಾರದವರು ಕನ್ನಡ ಮಾಧ್ಯಮದ ತರಗತಿಗೆ ನೇಮಕವಾಗಿ ಬಂದು, ಮಕ್ಕಳು ಕಣ್ಣು ಕಣ್ಣು ಬಿಟ್ಟು ಕೂತದ್ದೂ ಒಂದೆರಡು ಕಡೆಯ ಕತೆಯಲ್ಲ. 2017ರಲ್ಲಿ ಕೇರಳ ಸರಕಾರ ಹತ್ತನೇ ತರಗತಿಯ ತನಕ ಮಲಯಾಳ ಕಡ್ಡಾಯ ಎಂಬ ಕಾನೂನು ತಂದಾಗ ಕಾಸರಗೋಡಿನಲ್ಲಿ ಎದ್ದ ಪ್ರತಿಭಟನೆ ನಿಮಗೆ ನೆನಪಿರಬೇಕು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಇರಬೇಕೆಂದು ಹೇಳುವ ಸಂವಿಧಾನದ 350ಎ ವಿಧಿ 1956ರಲ್ಲಿ, ರಾಜ್ಯಗಳ ಪುನರ್ವಿಂಗಡಣೆಯ ಹೊತ್ತಿಗೇ ಸೇರಿದ್ದು. ನಮ್ಮಂಥ ಗಡಿ ಊರಿನವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದದ್ದು ಎಂದರೂ ತಪ್ಪಲ್ಲ. ಇಷ್ಟರ ಮಟ್ಟಿಗೆ ನಮ್ಮಿಬ್ಬರಲ್ಲಿ ಜಗಳವಿಲ್ಲ.

ಆದರೆ ನಿಮ್ಮದೇ ತರಗತಿಯನ್ನು ಒಮ್ಮೆ ಕಣ್ಣೆದುರು ತಂದುಕೊಳ್ಳಿ. ಮುಂದಿನ ಬೆಂಚಿನ ಹುಡುಗನ ಮನೆಮಾತು ಹವ್ಯಕ ಕನ್ನಡ, ಅವನ ಪಕ್ಕದವನದು ತುಳು, ಹಿಂದಿನವನದು ಬ್ಯಾರಿ, ಕಿಟಕಿಯ ಬದಿಯ ಹುಡುಗಿಯದು ಮರಾಟಿ, ಪೇಟೆಯಿಂದ ಬರುವವಳದು ಕೊಂಕಣಿ. ಹಾಜರಿ ಕೂಗಿದಾಗ ಎಲ್ಲರೂ ‘ಬಂದಿದ್ದೇನೆ ಮಾಷ್ಟ್ರೇ’ ಎಂದದ್ದು ಕನ್ನಡದಲ್ಲಿ. ಪಾಠಪುಸ್ತಕದ ಕನ್ನಡವನ್ನು ಮನೆಯಲ್ಲಿ ಹಾಗೆಯೇ ಆಡುತ್ತಿದ್ದವರು ಎಷ್ಟು ಮಂದಿ ಇದ್ದಾರು? 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆ ಎಂದು ಬರೆಸಿದವರು ನೂರಕ್ಕೆ ಐದು ಮಂದಿಯೂ ಇಲ್ಲ. ತುಳು ಎಂದು ಬರೆಸಿದವರು ಅವರ ಸುಮಾರು ಎರಡರಷ್ಟು. ಈ ಅಂಕಿ ಹಿಡಿದುಕೊಂಡು ‘ಇಲ್ಲಿ ಕನ್ನಡಿಗರು ಎಲ್ಲಿದ್ದಾರೆ’ ಎಂದು ಕೇಳುವವರಿದ್ದಾರೆ. ಕನ್ನಡದಲ್ಲಿ ಓದಿ, ಕನ್ನಡದಲ್ಲಿ ಅರ್ಜಿ ಬರೆದು, ಕನ್ನಡ ಪೇಪರು ತರಿಸಿ, ಮದುವೆ ಕಾಗದವನ್ನು ಕನ್ನಡದಲ್ಲಿ ಅಚ್ಚು ಹಾಕಿಸುವ ತುಳು ಮನೆ, ಕೊಂಕಣಿ ಮನೆ ಆ ಲೆಕ್ಕದಲ್ಲಿ ಬರುವುದಿಲ್ಲ. ಗಣತಿಯವರು ಕೇಳುವುದು ಮನೆಮಾತನ್ನು. ನಮ್ಮ ಕನ್ನಡ ಇರುವುದು ಬಹುಪಾಲು ಮನೆಯ ಹೊರಗೆ.

ಇದು ಇಂದು ನಿನ್ನೆಯದಲ್ಲ. ಆಳುಪರ ಶಾಸನಗಳಿಂದ ಹಿಡಿದು ವಿಜಯನಗರ, ಇಕ್ಕೇರಿ ಅರಸರ ಆಡಳಿತದ ತನಕ ಈ ಕರಾವಳಿಯ ಬರಹದ ಹೆಚ್ಚಿನ ಪಾಲು ಕನ್ನಡದ್ದು. 1799ರಲ್ಲಿ ಊರು ಇಂಗ್ಲಿಷರ ಕೈ ಸೇರಿದ ಮೇಲೂ ಕಚೇರಿಯಲ್ಲಿ ಕನ್ನಡ ಮುಂದುವರಿಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ತುಳುವನ್ನು ಅಚ್ಚು ಹಾಕಿದ್ದು ಕನ್ನಡ ಲಿಪಿಯಲ್ಲಿ. ಐಗಳ ಮಠದಲ್ಲಿ (ಹಳೆಯ ಕಾಲದ ಊರ ಶಾಲೆಯಲ್ಲಿ) ತುಳುವರ ಮಗು ಹೊಯಿಗೆಯ ಮೇಲೆ ಬೆರಳಿಟ್ಟು ತಿದ್ದಿದ್ದೂ ಕನ್ನಡದ ಅಕ್ಷರವನ್ನೇ. ಮನೆಯಲ್ಲಿ ಒಂದು ಭಾಷೆ, ಅಕ್ಷರಕ್ಕೆ ಇನ್ನೊಂದು ಎಂಬ ಏರ್ಪಾಡು ನಮ್ಮ ಅಜ್ಜಂದಿರಿಗೆ ಹೊಸದಾಗಿರಲಿಲ್ಲ.

ನಾವು ಸಭೆಗಳಲ್ಲಿ ಹೆಮ್ಮೆಯಿಂದ ಎತ್ತುವ ಸಾಹಿತಿಗಳ ಹೆಸರುಗಳನ್ನೇ ತೆಗೆದುಕೊಳ್ಳಿ. ಮಂಜೇಶ್ವರದ ಗೋವಿಂದ ಪೈಗಳದು ಕೊಂಕಣಿ ಮನೆ. ಪೆರಡಾಲದಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳದು ತುಳು ಮನೆ. ಸಾರಾ ಅಬೂಬಕ್ಕರ್ ಅವರದು ಮಲಯಾಳ ಆಡುವ ಮುಸ್ಲಿಂ ಮನೆ. ಸಾರಾ ಹುಟ್ಟಿದ್ದು 1936ರಲ್ಲಿ, ಕಾಸರಗೋಡಿನಲ್ಲಿ. ಆ ಕಾಲಕ್ಕೆ ಆ ಸಮುದಾಯದ ಹೆಣ್ಣುಮಗಳು ಶಾಲೆಯ ಓದು ಮುಂದುವರಿಸಿದ್ದೇ ಅಪರೂಪ. ಓದಿದ್ದು ಕನ್ನಡದಲ್ಲಿ. ಮುಂದೆ ಚಂದ್ರಗಿರಿ ಹೊಳೆಯ ಬದಿಯ ಹೆಂಗಸರ ಸಂಕಟವನ್ನು ಅವರು ಬರೆದದ್ದೂ ಕನ್ನಡದಲ್ಲಿ, ಮತ್ತು ಅದಕ್ಕಾಗಿ ಬೈಗುಳ ತಿಂದದ್ದೂ ಇದೆ. ಒಬ್ಬ ವಕೀಲ ತಂದೆ ಮಗಳನ್ನು ಶಾಲೆಗೆ ಕಳಿಸಲು ಮನಸ್ಸು ಮಾಡದೆ ಇದ್ದಿದ್ದರೆ ಕನ್ನಡಕ್ಕೆ ಆ ಬರಹ ಸಿಗುತ್ತಿರಲಿಲ್ಲ. ಶಿಕ್ಷಣ, ಸಮಾಜದ ಬದಲಾವಣೆ, ಪರಂಪರೆ ಎಂದು ನಮ್ಮ ಲೇಖಕರು ದೊಡ್ಡ ದೊಡ್ಡ ಮಾತಿನಲ್ಲಿ ಹೇಳಿದ್ದು (ಸ್ವಲ್ಪ ಹೆಚ್ಚೇ ದೊಡ್ಡ ಮಾತುಗಳಾದವು, ಒಪ್ಪುತ್ತೇನೆ) ಇದನ್ನೇ.

ಕಾಸರಗೋಡಿನ ಕನ್ನಡ ಬಹುಮಟ್ಟಿಗೆ ಶಾಲೆ ಕೊಟ್ಟ ಆಸ್ತಿ. ಅದಕ್ಕೇ, ಬಯಲಾಟ ಮತ್ತು ಭೂತಾರಾಧನೆಗೆ ಪುಟ ಕೊಟ್ಟರೆ ಕನ್ನಡ ಉಳಿದೀತು ಎಂಬ ನಿಮ್ಮ ನಂಬಿಕೆ ನನಗೆ ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ. ಭೂತಾರಾಧನೆಯ ಕೋಲ, ನೇಮಕ್ಕೆ ಕನ್ನಡದ ಹಂಗಿಲ್ಲ. ಭೂತಗಳ ಕತೆ ಹಾಡುವ ಪಾಡ್ದನ ತುಳುವಿನದು, ಚಂದ್ರಗಿರಿ ದಾಟಿದರೆ ತೆಯ್ಯಂ ಮಲಯಾಳದ್ದು. ಊರಿನ ಕನ್ನಡ ಶಾಲೆಗೆ ಬೀಗ ಬಿದ್ದ ವರ್ಷವೂ ನೇಮ ನಡೆಯುತ್ತದೆ, ಬಹುಶಃ ಇನ್ನಷ್ಟು ಜೋರಾಗಿ, ಟ್ಯೂಬ್‌ಲೈಟು ಸೌಂಡ್ ಸಿಸ್ಟಮಿನ ಜೊತೆಗೆ. ಬಯಲಾಟದ ಸಂಗತಿ ಮಾತ್ರ ಬೇರೆ, ಅದು ಕನ್ನಡಕ್ಕೆ ಹತ್ತಿರದ್ದು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ್ಯಗಳನ್ನು ಕೇಳಿ ಕೇಳಿಯೇ ಶಾಲೆಯ ಮುಖ ನೋಡದ ಎಷ್ಟೋ ತುಳುವರು ಪೌರಾಣಿಕ ಕನ್ನಡವನ್ನು ಅರಗಿಸಿಕೊಂಡರು. ರಾತ್ರಿಯಿಡೀ ನಡೆಯುವ ಆಟ ಅವರಿಗೆ ಶಾಲೆಯೇ ಆಗಿತ್ತು ಎಂದರೆ ನೀವು ಒಪ್ಪುತ್ತೀರಿ.

ಆದರೆ ಕೇರಳದ ಶಾಲಾ ಕಲೋತ್ಸವದಲ್ಲಿ ಈಗ ನಡೆಯುತ್ತಿರುವುದನ್ನು ನೋಡಿ. ಅಲ್ಲಿ ಯಕ್ಷಗಾನ ಒಂದು ಸ್ಪರ್ಧೆ. ಕನ್ನಡದ ಒಂದಕ್ಷರ ಓದಲು ಬಾರದ ಮಕ್ಕಳು ನಮ್ಮ ಕಡೆಯ ಗುರುಗಳಿಂದ ಕುಣಿತ ಕಲಿತು, ಮಾತನ್ನು ಬಾಯಿಪಾಠ ಮಾಡಿ, ಎ ಗ್ರೇಡ್ ತೆಗೆದು ಹೋಗುತ್ತಾರೆ. ಅವರನ್ನು ನಾನು ಹೀಗಳೆಯುವುದಿಲ್ಲ. ಆ ಮಕ್ಕಳ ದಿಗಿಣ (ಕುಣಿತದ ನೆಗೆತ) ಕಂಡು ನಾನೂ ಚಪ್ಪಾಳೆ ತಟ್ಟಿದವನೇ. ಭಾಷೆಯನ್ನು ಬಿಟ್ಟೂ ಕಲೆ ಬದುಕಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ವೇಷ ಉಳಿಯುತ್ತದೆ, ಚೆಂಡೆ ಉಳಿಯುತ್ತದೆ. ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಎದುರಾಳಿಯ ಮಾತಿಗೆ ಆ ಕ್ಷಣಕ್ಕೆ ಹೊಸ ಮಾತು ಹುಟ್ಟಿಸಿ ಉತ್ತರ ಕೊಡುವ ಅರ್ಥಧಾರಿ ಉಳಿಯುವುದಿಲ್ಲ. ಅವನಿಗೆ ಬಾಯಿಪಾಠ ಸಾಲದು, ಕನ್ನಡವೇ ಬೇಕು. ನಮ್ಮ ಅರ್ಥಧಾರಿಗಳಲ್ಲಿ ಎಷ್ಟು ಮಂದಿ ಹಗಲು ಹೊತ್ತು ಶಾಲಾ ಮಾಷ್ಟ್ರಾಗಿದ್ದರು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಹಾಗಾದರೆ ಸಂಶೋಧನೆ ಎಲ್ಲಿಂದ ಶುರುವಾಗಬೇಕು? ನನ್ನ ಉತ್ತರ: ಹೆಡ್‌ಮಾಷ್ಟ್ರ ಕಪಾಟಿನಿಂದ. ಈ ಭಾಗದ ಒಂದು ಹಳೆಯ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯ ದಾಖಲಾತಿ ರಿಜಿಸ್ಟರನ್ನು ಪುಟ ತಿರುವಿ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಉದ್ದನೆಯ ಪುಸ್ತಕ, ಬೆನ್ನಿಗೆ ಮಾಸಿದ ಕೆಂಪು ಬಟ್ಟೆ, ಅಂಚಿನಲ್ಲಿ ಹುಳ ತಿಂದ ತೂತುಗಳು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ ದಾಟಿದ ಮೇಲೆ ಮೊಹರು ಬದಲಾಗಿದೆ. ಬರೆದ ಕೈ ಅದೇ, ಶಾಯಿ ಅದೇ, ಮಕ್ಕಳ ಮನೆತನಗಳೂ ಅವೇ. ರಾಜ್ಯ ಬದಲಾದದ್ದು ಆ ಪುಸ್ತಕದಲ್ಲಿ ಒಂದು ರಬ್ಬರ್ ಸ್ಟಾಂಪಿನಷ್ಟೇ ದೊಡ್ಡದು. ನಿಜವಾದ ಏರುಪೇರು ಇರುವುದು ರಕ್ಷಕರ (ಪೋಷಕರ) ಉದ್ಯೋಗದ ಕಲಮಿನಲ್ಲಿ. ಮೊದಲ ಪುಟಗಳಲ್ಲಿ ಬೇಸಾಯ, ಗೇಣಿ, ಕೂಲಿ, ಮೂರ್ತೆ (ಕಳ್ಳು ಇಳಿಸುವ ಕಸುಬು). ಆಮೇಲೆ ಬೀಡಿ. ಎಪ್ಪತ್ತರ ದಶಕ ದಾಟಿ ಮುಂದೆ ಹೋದಂತೆ ಗಲ್ಫ್. ಇನ್ನು ಕೊನೆಯ ಕಲಂ, ಶಾಲೆ ಬಿಟ್ಟ ಕಾರಣ. ಹುಡುಗರ ಹೆಸರಿನೆದುರು ‘ಉನ್ನತ ವ್ಯಾಸಂಗ’ ಎಂದಿರುವ ಕಡೆ ಹುಡುಗಿಯರ ಹೆಸರಿನೆದುರು ‘ರಕ್ಷಕರ ಅಪೇಕ್ಷೆ’. ಕೂಲಿಯವರ ಮಕ್ಕಳ ಎದುರು ಸಾಲಾಗಿ ‘ದೀರ್ಘ ಗೈರುಹಾಜರಿ’. ಗೈರುಹಾಜರಿ ಶಾಲೆ ಬಿಡಲು ಕಾರಣವಾಗುವುದು ಹೇಗೆ, ಮಾಷ್ಟ್ರೇ? ಮಗು ಯಾಕೆ ಬರಲಿಲ್ಲ ಎಂಬುದನ್ನು ಯಾರೋ ಕೇಳಲಿಲ್ಲ, ಅಥವಾ ಕೇಳಿ ತಿಳಿದೂ ಬರೆಯಲಿಲ್ಲ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯೇರ್ ಬೂರ್ದ್ಯೂ ಸಾಂಸ್ಕೃತಿಕ ಬಂಡವಾಳ ಎಂದು ಕರೆದದ್ದು ಈ ಕಲಮಿನಲ್ಲಿ ಕಣ್ಣಿಗೆ ಬೀಳುತ್ತದೆ. ಮನೆಯಿಂದ ತಂದ ಮಾತು, ಪುಸ್ತಕದ ರೂಢಿ, ಕೂತು ಕೇಳುವ ಅಭ್ಯಾಸ ಇವನ್ನು ಶಾಲೆ ಪ್ರತಿಭೆ ಎಂದು ಎಣಿಸಿ ಅಂಕ ಕೊಡುತ್ತದೆ ಎಂಬುದು ಅವನ ವಾದ. ನಮ್ಮಲ್ಲಿ ಎಲ್ಲರಿಗೂ ಪುಸ್ತಕದ ಕನ್ನಡ ಹೊರಗಿನ ಭಾಷೆ ಎಂದ ಮೇಲೆ ಎಲ್ಲರೂ ಸಮಾನರಾಗಿ ಶುರು ಮಾಡಿದರು ಎಂದು ತೋರಬಹುದು. ಹಾಗಿರಲಿಲ್ಲ. ಭಾರತ ಪಾರಾಯಣ ನಡೆಯುವ ಮನೆಯ ಮಗುವಿಗೆ ಆ ಕನ್ನಡ ಕಿವಿಗೆ ಬಿದ್ದಿತ್ತು. ಬುಟ್ಟಿ ಹೆಣೆಯುವ ಕೊರಗ ಬುಡಕಟ್ಟಿನ ಮಗುವಿಗೆ ಶಾಲೆಯ ಬಾಗಿಲೇ ತೆರೆದಿರಲಿಲ್ಲ. ಕಾಸರಗೋಡಿನಲ್ಲಿ 1859ರಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆಂದೇ ಶಾಲೆ ತೆರೆಯಬೇಕಾಯಿತು, ಯಾಕೆಂದರೆ ಉಳಿದ ಶಾಲೆಗಳು ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅದಕ್ಕಾಗಿ ರಾಯರು ಸ್ವಂತ ಜಾತಿಯವರ ಬಹಿಷ್ಕಾರ ಅನುಭವಿಸಿದರು. ನಾವು ಪರಂಪರೆ ಎನ್ನುವುದರೊಳಗೆ ಆ ಬಹಿಷ್ಕಾರವೂ ಸೇರಿದೆ. ಭೂಸುಧಾರಣೆಯದೂ ಹೀಗೇ. ಎಡನೀರು ಮಠದ ಸ್ವಾಮೀಜಿಯವರ ಭೂಮಿಯ ಮೊಕದ್ದಮೆ 1973ರಲ್ಲಿ ಸಂವಿಧಾನದ ಮೂಲರಚನೆಯನ್ನು ಸಂಸತ್ತೂ ಬದಲಿಸುವಂತಿಲ್ಲ ಎಂಬ ತೀರ್ಪಾಗಿ ದೇಶಕ್ಕೇ ಗೊತ್ತಾಯಿತು. ಗೇಣಿ ಹೋಗಿ ಭೂಮಿ ಕೈಗೆ ಬಂದ ಒಕ್ಕಲಿನ ಮನೆಯ ಮಕ್ಕಳು ಹೆಚ್ಚಿಗೆ ಎಷ್ಟು ತರಗತಿ ಓದಿದರು ಎಂದು ನಾವು ಕೇಳುವುದು ಕಡಿಮೆ. ಉತ್ತರ ಅದೇ ರಿಜಿಸ್ಟರುಗಳಲ್ಲಿದೆ.

ಇಷ್ಟಾದ ಮೇಲೆ ದ್ರೋಹಿ ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಆ ಮಾತನ್ನು ಈ ಪತ್ರಿಕೆ ಒಪ್ಪುವುದಿಲ್ಲ. ಹಗಲಿಡೀ ಬೀಡಿ ಕಟ್ಟಿ, ಸ್ಕೂಲು ಬಸ್ಸಿನ ಬಾಡಿಗೆ ಕೊಡುವ ತಾಯಿಗೆ ಮಗಳನ್ನು ಮಂಗಳೂರಿನ ನರ್ಸಿಂಗ್ ಕಾಲೇಜಿಗೆ ಕಳಿಸಬೇಕಾಗಿದೆ. ಅವಳ ಅಜ್ಜಿ ತುಳು ಆಡುತ್ತ ಮಗಳನ್ನು ಕನ್ನಡ ಶಾಲೆಗೆ ಕಳಿಸಿದ್ದೂ ಇದೇ ಲೆಕ್ಕದಲ್ಲಿ. ಆಗ ಕಚೇರಿ, ಕೋರ್ಟು, ಮಾಷ್ಟ್ರ ಕೆಲಸ ಎಲ್ಲ ಕನ್ನಡದಲ್ಲಿತ್ತು. ಅಜ್ಜಿಯನ್ನು ಅಂದು ಯಾರೂ ತುಳುದ್ರೋಹಿ ಎನ್ನಲಿಲ್ಲ. ಅಧ್ಯಾಪಕರ ಮಕ್ಕಳೇ ಎಲ್ಲಿ ಓದುತ್ತಿದ್ದಾರೆ ಎಂದು ಆ ತಾಯಿ ತಿರುಗಿ ಕೇಳಿದರೆ ನಮ್ಮಲ್ಲಿ ಹಲವರು ಚಾವಡಿಯಿಂದ ಎದ್ದು ಹೋಗಬೇಕಾದೀತು. ಗಡಿಯ ಪ್ರಶ್ನೆ ಮುಗಿದರೆ ಎಲ್ಲ ಸರಿಯಾದೀತು ಎಂಬುದನ್ನೂ ನಾನು ಈಗ ನಂಬುವುದಿಲ್ಲ. ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಗಡಿ ವಿವಾದ ಪರಿಶೀಲಿಸಿದ ಮಹಾಜನ್ ಆಯೋಗ ಹೇಳಿದ್ದು 1967ರಲ್ಲಿ. ಅದಕ್ಕಾಗಿ ಹೋರಾಡಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಗಡಿಯ ತಲಪಾಡಿ ಗೇಟು ದಾಟಿ ಆಚೆ ಹೋಗಿ ನೋಡಿ, ಕರ್ನಾಟಕದೊಳಗಿನ ಸರಕಾರಿ ಕನ್ನಡ ಶಾಲೆಗಳೂ ಇದೇ ಕಾಯಿಲೆಯಲ್ಲಿ ನರಳುತ್ತಿವೆ.

ಆ ತಾಯಿಗೆ ಉಪದೇಶ ಬೇಡ, ಆಯ್ಕೆ ಬೇಕು. ಇಂಗ್ಲಿಷನ್ನು ಚೆನ್ನಾಗಿ ಕಲಿಸುವ ಕನ್ನಡ ಶಾಲೆ, ಕನ್ನಡವನ್ನು ಚೆನ್ನಾಗಿ ಕಲಿಸುವ ಇಂಗ್ಲಿಷ್ ಡಿವಿಷನ್, ಇವೆರಡರಲ್ಲಿ ಒಂದಾದರೂ ನಡೆದಾಡುವ ದೂರದಲ್ಲಿ ಇದೆಯೇ ಎಂಬುದು ನನಗೆ ಮುಖ್ಯ. ಕಾರಡ್ಕದಲ್ಲಿ ಹುಟ್ಟಿದ ಕೆ.ವಿ. ತಿರುಮಲೇಶರು ಹೈದರಾಬಾದಿನಲ್ಲಿ ಇಂಗ್ಲಿಷ್ ಮತ್ತು ಭಾಷಾವಿಜ್ಞಾನ ಪಾಠ ಮಾಡುತ್ತಲೇ ಕೊನೆಯ ತನಕ ಕನ್ನಡದಲ್ಲಿ ಬರೆದರು. ಇಂಗ್ಲಿಷ್ ಬಂದರೆ ಕನ್ನಡ ಹೋಗಲೇಬೇಕು ಎಂಬ ವಿಧಿಯೇನೂ ಇಲ್ಲ.

ಪಿಎಚ್‌.ಡಿ. ಬೇಕೇ ಎಂದು ಕೇಳಿದಿರಿ. ಒಂದೇ ಊರಿನ ಸ್ಥಳಪುರಾಣವನ್ನು ಹತ್ತು ಮಂದಿ ಒಬ್ಬರಿಂದ ಒಬ್ಬರು ನಕಲು ಮಾಡುವಂಥದ್ದು ಬೇಡವೇ ಬೇಡ, ಅಂಥವು ನನ್ನ ಮೇಜಿನ ಮೇಲೂ ಇವೆ. ಆದರೆ ಉಡುಪಿಯಲ್ಲಿ ಗೋವಿಂದ ಪೈಗಳ ಹೆಸರಿನ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರ ಮುಂದಾಳ್ತನದಲ್ಲಿ ತಯಾರಾದ ತುಳು ನಿಘಂಟನ್ನು ನೋಡಿ. 1988ರಿಂದ 1997ರ ನಡುವೆ ಆರು ಸಂಪುಟ. ಊರೂರು ಅಲೆದು, ಬೇರೆ ಬೇರೆ ಜಾತಿ ಕಸುಬಿನವರ ಬಾಯಿಂದ ಕೇಳಿ ಬರೆದುಕೊಂಡ ಮಾತುಗಳು ಅದರಲ್ಲಿವೆ. ಆ ಶ್ರದ್ಧೆಯಿಂದ ನಮ್ಮ ಶಾಲೆಗಳನ್ನೂ ಯಾರಾದರೂ ನೋಡಲಿ ಎಂಬುದು ನನ್ನ ಆಸೆ. (ಮಂಜೇಶ್ವರದವರ ಹೆಸರಿನ ಕೇಂದ್ರ ಉಡುಪಿಯಲ್ಲಿ ಯಾಕೆ ಬೆಳೆಯಿತು, ಇಲ್ಲಿ ಯಾಕೆ ಬೆಳೆಯಲಿಲ್ಲ ಎಂಬ ಜಗಳವನ್ನು ಇನ್ನೊಂದು ಸಲ ಆಡೋಣ.)

ಈಗ ನನ್ನದೊಂದು ಬೇಡಿಕೆ. ನಿಮ್ಮ ಶಾಲೆಯ ಈಗಿನ ಹೆಡ್‌ಮಾಷ್ಟ್ರು ನಿಮ್ಮ ಶಿಷ್ಯರೇ ಎಂದು ಬರೆದಿದ್ದೀರಿ. ಅವರ ಅನುಮತಿ ಪಡೆದು ಆ ರಿಜಿಸ್ಟರುಗಳ ಎರಡು ಕಲಂಗಳನ್ನು, ಅಂದರೆ ರಕ್ಷಕರ ಉದ್ಯೋಗ ಮತ್ತು ಬಿಟ್ಟ ಕಾರಣ, ವರ್ಷವಾರು ಬರೆದು ಕಳಿಸಿ. ಮಕ್ಕಳ ಹೆಸರು, ಜಾತಿ, ಮನೆತನ ಯಾವುದೂ ಬೇಡ, ಹುಡುಗನೋ ಹುಡುಗಿಯೋ ಎಂದಿದ್ದರೆ ಸಾಕು. ‘ದೀರ್ಘ ಗೈರುಹಾಜರಿ’ ಎಂದಿರುವಲ್ಲಿ ಆ ಮಗು ಯಾಕೆ ಬರಲಿಲ್ಲ ಎಂಬುದು ನಿಮಗೆ ನೆನಪಿದ್ದರೆ ಬದಿಯಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ. ಬೇರೆ ಶಾಲೆಗಳ ನಿವೃತ್ತ ಅಧ್ಯಾಪಕರೂ ಕಳಿಸಬಹುದು. ನೀವು ಕೇಳಿದ ಪುಟಗಳನ್ನು ಅದಕ್ಕೇ ತೆಗೆದಿಟ್ಟಿದ್ದೇನೆ.

– ಸಂಪಾದಕ