30×40 ಮನೆಗೆ ಯಾವ ಎಲ್‌ಇಡಿ ಹಾಕಿಸಿದರೆ ಕರೆಂಟೂ ಉಳಿಯುತ್ತೆ, ನೋಡೋಕೂ ಚೆನ್ನಾಗಿರುತ್ತೆ? ಹೊರಗಡೆಗೆ ಸೋಲಾರ್ ಲೈಟ್ ಸಾಕಾ?

ಗೋಡೆ ಕೊರೆದು ಪೈಪ್ ಹಾಕೋ ಕೆಲಸ ಮುಂದಿನ ವಾರ ಶುರು ಅಂತ ಬರೆದಿದ್ದೀರಲ್ಲ, ಆ ಒಂದು ಸಾಲು ಓದಿದ ಮೇಲೆ ಉತ್ತರ ಬರೆಯದೆ ಇರೋಕಾಗಲಿಲ್ಲ. ಬೆಂಗಳೂರಿನ ನಾಗರಭಾವಿಯಲ್ಲಿ ನಮ್ಮ ಮನೆ ಕಟ್ಟಿಸುವಾಗ ಸರಿಯಾಗಿ ಇದೇ ಹಂತದಲ್ಲಿ ನಾನೂ ಇದನ್ನೇ ಕೇಳಿಕೊಂಡು ಎಸ್‌ಜೆಪಿ ರೋಡಿನ ಅಂಗಡಿಗಳನ್ನೆಲ್ಲ ಸುತ್ತಿದ್ದೆ. ಯಾವ ಕಂಪನಿ, ಎಷ್ಟು ವಾಟ್, ವಾರೆಂಟಿ ಎಷ್ಟು ವರ್ಷ. ಯಾವ ದೀಪ ಎಲ್ಲಿ ಬರಬೇಕು, ಅದರ ಸ್ವಿಚ್ ಎಲ್ಲಿರಬೇಕು ಅಂತ ಮಾತ್ರ ಯಾರನ್ನೂ ಕೇಳಲಿಲ್ಲ. ದುಡ್ಡು ಹೋಗಿದ್ದು ಅಲ್ಲೇ.

ನಮ್ಮ ಹಾಲ್ ಸುಮಾರು 12ಕ್ಕೆ 18 ಅಡಿ. ಎಲೆಕ್ಟ್ರಿಷಿಯನ್ ಬಂದು, "ಮೇಡಂ, ಫಾಲ್ಸ್ ಸೀಲಿಂಗ್ ಮಾಡಿಸ್ತೀರಲ್ಲ, 15 ವಾಟಿನ ಪ್ಯಾನೆಲ್ 12 ಕೂರಿಸೋಣ, ಜಗ್ ಅಂತಿರುತ್ತೆ" ಅಂದರು. ಸರಿ ಅಂದೆ. ಮೂರು ಸಾಲು, ಸಾಲಿಗೆ ನಾಲ್ಕು, ಆರಾರಕ್ಕೆ ಒಂದೊಂದು ಸ್ವಿಚ್. ಬೆಳಕಿನ ಬಣ್ಣ 6500 ಕೆಲ್ವಿನ್ (ಈ ಸಂಖ್ಯೆ ಇಳಿದಷ್ಟೂ ಬೆಳಕು ಹಳದಿ), ಅಂಗಡಿಯವರು ಕೂಲ್ ಡೇಲೈಟ್ ಅಂತಾರಲ್ಲ, ಆ ನೀಲಿ ಛಾಯೆಯ ಬಿಳಿ. ಎಲ್ಲಾ ಎಲ್‌ಇಡಿ, ಆದ್ದರಿಂದ ಕರೆಂಟ್ ಉಳಿತಾಯ ಅಂತ ನೆಮ್ಮದಿಯಾಗಿದ್ದೆ.

ಈಗ ಲೆಕ್ಕ ನೋಡಿ. 12 ಪ್ಯಾನೆಲ್ ಸೇರಿ 180 ವಾಟ್. ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 27 ಯೂನಿಟ್, ಒಂದೇ ಕೋಣೆಗೆ. ಲುಮೆನ್ ಅಂದ್ರೆ ಬೆಳಕಿನ ಅಳತೆ, ವಾಟಿಗೆ 100 ಲುಮೆನ್ ಅಂತ ಹಿಡಿದರೂ 18,000 ಲುಮೆನ್ ಬೆಳಕು. ಅಷ್ಟು ದೊಡ್ಡ ಹಾಲಿಗೆ ಸಂಜೆ ಕೂತು ಮಾತಾಡೋಕೆ 3,000 ಲುಮೆನ್ ಧಾರಾಳ ಸಾಕು. ಸ್ವಿಚ್ ಎರಡೇ ಇದ್ದಿದ್ದರಿಂದ, ಒಂದು ಲೋಟ ನೀರು ಕುಡಿಯೋಕೆ ಹಾಲ್ ದಾಟಿದರೂ ಆರು ಪ್ಯಾನೆಲ್ ಒಟ್ಟಿಗೆ ಉರೀಬೇಕು. ಅತ್ತೆ ಗೃಹಪ್ರವೇಶದ ದಿನವೇ ಅಂದರು, "ಏನಮ್ಮ, ಇಲ್ಲಿ ಕೂತರೆ ಬ್ಯಾಂಕಲ್ಲಿ ಟೋಕನ್ ಹಿಡ್ಕೊಂಡು ಕೂತ ಹಾಗಿದೆ."

ಇನ್ನೂ ಒಂದು ವಿಷಯ. ಅವರೇಕಾಯಿ ಕಾಲದಲ್ಲಿ ಅತ್ತೆ ರಾತ್ರಿ ಹಾಲಲ್ಲಿ ಕೂತು ಕಾಯಿ ಬಿಡಿಸ್ತಿದ್ದರು. ಅಷ್ಟು ಬೆಳಕಿದ್ದರೂ ಹುಳ ತಿಂದ ಕಾಳು ಅವರ ಕಣ್ಣಿಗೆ ಬೀಳ್ತಿರಲಿಲ್ಲ, ಬೆಳಿಗ್ಗೆ ಬಿಸಿಲಿಗೆ ಹಿಡಿದು ಮತ್ತೊಮ್ಮೆ ಆರಿಸಬೇಕಾಗ್ತಿತ್ತು. ವಯಸ್ಸಾಯ್ತಲ್ಲ, ಕಣ್ಣಿನ ದೋಷ ಇರಬೇಕು ಅಂದುಕೊಂಡು ಡಾಕ್ಟರ ಹತ್ತಿರಾನೂ ಕರ್ಕೊಂಡು ಹೋದ್ವಿ. ದೋಷ ಇದ್ದದ್ದು ದೀಪದಲ್ಲಿ. ಸಿಆರ್‌ಐ ಅಂತ ಒಂದು ಅಳತೆ ಇದೆ, ಬಣ್ಣಗಳನ್ನ ದೀಪ ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋದಕ್ಕೆ, 100ಕ್ಕೆ ಇಷ್ಟು ಅಂತ. ನಮ್ಮ ಪ್ಯಾನೆಲ್ ಬಾಕ್ಸಿನ ಮೇಲೆ ಅದನ್ನ ಬರೆದೇ ಇರಲಿಲ್ಲ. ಹಸಿರಿನ ಮೇಲಿನ ಕಂದು ಚುಕ್ಕೆ, ಕುಂಕುಮದ ಕೆಂಪು, ರೇಷ್ಮೆ ಸೀರೆಯ ಅಂಚು, ಇವೆಲ್ಲ ಈ ಅಳತೆ ಕಮ್ಮಿ ಇರೋ ಬೆಳಕಲ್ಲಿ ಮಂಕಾಗಿಬಿಡುತ್ತೆ. ಮೇಲಿಂದ 12 ಕಡೆ ಬೆಳಕು ಒಟ್ಟಿಗೆ ಸುರಿದರೆ ಎಲ್ಲೂ ನೆರಳೇ ಬೀಳಲ್ಲ, ನೆರಳಿಲ್ಲದಿದ್ದರೆ ಉಬ್ಬು ತಗ್ಗೂ ಕಾಣಲ್ಲ.

ಇಷ್ಟನ್ನ ಸಹಿಸ್ಕೋಬಹುದಿತ್ತು. ಎರಡನೇ ಬೇಸಿಗೆಯಲ್ಲಿ ಒಂದು ಪ್ಯಾನೆಲ್ ಮಿಣಮಿಣ ಅನ್ನೋಕೆ ಶುರುವಾಯ್ತು, ಆಮೇಲೆ ಅದರ ಪಕ್ಕದ್ದು. ಎಲೆಕ್ಟ್ರಿಷಿಯನ್ ಏಣಿ ಹತ್ತಿ ಪ್ಯಾನೆಲ್ ಎಳೆದರು. ಅದರ ಎರಡು ಸ್ಪ್ರಿಂಗ್ ಕ್ಲಿಪ್ಪು ಜಿಪ್ಸಂ ಬೋರ್ಡನ್ನ ಕಚ್ಚಿ ಹಿಡಿದಿತ್ತು, ಎಳೆದ ತಕ್ಷಣ ಅಂಚು ಒಡೆದು ಸೋಫಾ ಮೇಲೆಲ್ಲ ಬಿಳಿ ಪುಡಿ. ಬೆನ್ನಿಗೆ ನೇತಾಡ್ತಿದ್ದ ಪುಟ್ಟ ಡ್ರೈವರ್ ಡಬ್ಬಿ ಬಿಚ್ಚಿ ತೋರಿಸಿದರು. ಒಳಗೆ ಕಿರುಬೆರಳಿನ ತುದಿಯಷ್ಟಿರೋ ಕೆಪಾಸಿಟರ್, ತಲೆ ಉಬ್ಬಿಕೊಂಡು ಬುಡದಲ್ಲಿ ಕಂದು ಅಂಟು ಬಂದಿತ್ತು. ಎಲ್‌ಇಡಿ ಚಿಪ್‌ಗಳಿಗೆ ಏನೂ ಆಗಿರಲಿಲ್ಲ.

ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಅಂಗಡಿಯಲ್ಲಿ ಇದನ್ನ ಯಾರೂ ಹೇಳಲ್ಲ. ಬಾಕ್ಸಿನ ಮೇಲೆ 25,000 ಗಂಟೆ ಅಂತ ಬರೆದಿರೋದು ಸಾಮಾನ್ಯವಾಗಿ ಚಿಪ್‌ನ ಆಯಸ್ಸು. ಚಿಪ್‌ಗೆ 230 ವೋಲ್ಟಿನ ಕರೆಂಟನ್ನ ಹದ ಮಾಡಿ ಕೊಡೋದು ಡ್ರೈವರ್. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗೆ ಶಾಖ ಆಗಲ್ಲ. ಹತ್ತು ಡಿಗ್ರಿ ಶಾಖ ಹೆಚ್ಚಾದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತೆ ಅನ್ನೋದು ಎಲೆಕ್ಟ್ರಾನಿಕ್ಸಿನವರ ಲೆಕ್ಕ. ನಮ್ಮ ಹಾಲಿನ ಮೇಲೆ ನೇರ ತಾರಸಿ. ಮಾರ್ಚ್, ಏಪ್ರಿಲ್‌ನಲ್ಲಿ ದಿನವೆಲ್ಲ ಕಾದ ಸ್ಲ್ಯಾಬ್ ರಾತ್ರಿ ಹತ್ತಾದರೂ ಬಿಸಿ ಬಿಡ್ತಾ ಇರುತ್ತೆ. ಸ್ಲ್ಯಾಬಿಗೂ ಫಾಲ್ಸ್ ಸೀಲಿಂಗಿಗೂ ನಡುವೆ ಇದ್ದದ್ದು ನಾಲ್ಕು ಇಂಚು, ಗಾಳಿ ಆಡೋಕೆ ದಾರಿ ಇಲ್ಲ, ಅದರೊಳಗೆ 12 ಡ್ರೈವರ್.

ಹೊಸದು ತಂದು ಕೂರಿಸಿದರೆ ಆಯ್ತಲ್ಲ ಅಂದುಕೊಂಡೆ. ನಮ್ಮ ಮಾಡೆಲ್ ಬರೋದು ಅಷ್ಟರಲ್ಲಿ ನಿಂತುಹೋಗಿತ್ತು. ಬೇರೆ ಕಂಪನಿಯ 15 ವಾಟಿನದ್ದಕ್ಕೆ ಸೀಲಿಂಗಲ್ಲಿ ಕೊರೆಯೋ ರಂಧ್ರದ ಅಳತೆಯೇ ಬೇರೆ, ಅರ್ಧ ಇಂಚು ಚಿಕ್ಕದು, ಕೆಳಗೇ ಜಾರುತ್ತೆ. ಸಿಕ್ಕ ಒಂದು ದೊಡ್ಡ ಸೈಜಿಗೆ ರಂಧ್ರ ಅಗಲ ಮಾಡಿಸಿದರೆ ಅದರ ಬಿಳಿ ಬೇರೆ ಥರ, ಉಳಿದವುಗಳ ಪಕ್ಕ ಎದ್ದು ಕಾಣ್ತಿತ್ತು. ಕೊನೆಗೆ ಹಾಲಿನ ಸೀಲಿಂಗ್ ಪೂರ್ತಿ ಬಿಚ್ಚಿಸಿ, ಪೈಂಟ್ ಹೊಡೆಸಿ, ಗೋಡೆ ಕೊರೆದು ಹೊಸ ಪಾಯಿಂಟ್ ಎಳೆಸಿದ್ವಿ. ಮೊದಲ ಸಲ ಇಡೀ ಮನೆಯ ಲೈಟಿಗೆ ಕೊಟ್ಟಿದ್ದಕ್ಕಿಂತ ಹೆಚ್ಚು ದುಡ್ಡು ಈ ಒಂದು ಕೋಣೆಗೆ ಹೋಯ್ತು. ಪೈಪ್ ಹಾಕೋ ಮುಂಚೆ ಒಂದು ಭಾನುವಾರ ಕೂತು ಯೋಚಿಸಿದ್ದರೆ ಇದ್ಯಾವುದೂ ಆಗ್ತಿರಲಿಲ್ಲ. ನಿಮ್ಮ ಕೈಯಲ್ಲಿ ಆ ಭಾನುವಾರ ಇನ್ನೂ ಇದೆ.

ಆದ್ದರಿಂದ ಯಾವ ಕಂಪನಿ ಅನ್ನೋದನ್ನ ಸದ್ಯಕ್ಕೆ ಬಿಡಿ. ಬಾಕ್ಸಿನ ಸ್ಟಾರ್ ಲೇಬಲ್ಲಿನಲ್ಲಿ ವಾಟಿಗೆ ಎಷ್ಟು ಲುಮೆನ್ ಅಂತ ಇರುತ್ತೆ, 100ರ ಮೇಲಿದ್ದರೆ ತಗೊಳ್ಳಿ, ಬಿಐಎಸ್, ಅಂದ್ರೆ ಸರ್ಕಾರದ ಗುಣಮಟ್ಟದ ಗುರುತು ನೋಡಿ, ಅಷ್ಟೇ. ಒಳ್ಳೆ ಎಲ್‌ಇಡಿಗಳ ನಡುವಿನ ವ್ಯತ್ಯಾಸ ಬಿಲ್ಲಿನಲ್ಲಿ ಕಾಣೋ ಅಷ್ಟು ಇರಲ್ಲ. ಬಿಲ್ಲೇ ಚಿಂತೆ ಅಂದ್ರೆ ಫ್ಯಾನ್ ನೋಡಿ. ಹಳೇ 75 ವಾಟಿನ ಫ್ಯಾನ್ ಬದಲು ಕಮ್ಮಿ ಕರೆಂಟಿನ ಮೋಟಾರಿರೋ 30 ವಾಟಿನ ಬಿಎಲ್‌ಡಿಸಿ ಹಾಕಿ, ದಿನಕ್ಕೆ 12 ಗಂಟೆ ತಿರುಗಿದರೆ ಒಂದೊಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿಯುತ್ತೆ. ಎರಡು ಕಿಲೋವಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಅಂದ್ರೆ 60 ಯೂನಿಟ್. ಇವುಗಳ ಮುಂದೆ 9 ವಾಟಾ, 8 ವಾಟಾ ಅಂತ ತಲೆ ಕೆಡಿಸ್ಕೋಬೇಡಿ.

ಮನೆ ಚೆಂದ ಕಾಣೋದು ಗೋಡೆಗೆ ಬೆಳಕು ಬಿದ್ದಾಗ. ಕೋಣೆ ಬೆಳಕಾಗಿದೆಯಾ ಇಲ್ಲವಾ ಅಂತ ಕಣ್ಣು ಗೋಡೆ ನೋಡಿ ಅಳೆಯುತ್ತೆ, ನೆಲ ನೋಡಿ ಅಲ್ಲ. ಈಗ ನಮ್ಮ ಹಾಲಿನ ನಡುವೆ ಸೀಲಿಂಗಲ್ಲಿ ಒಂದೂ ಲೈಟಿಲ್ಲ. ಒಂದು ಉದ್ದ ಗೋಡೆಯ ಮೇಲ್ಭಾಗದಲ್ಲಿ ಮರೆಯಾಗಿ ಸ್ಟ್ರಿಪ್ ಲೈಟ್, ಅದರ ಡ್ರೈವರ್ ಟಿವಿ ಕಪಾಟಿನೊಳಗೆ, ಕೈಗೆ ಸಿಗೋ ಜಾಗದಲ್ಲಿ. ಸೋಫಾ ಪಕ್ಕ ಓದೋಕೆ ಒಂದು, ದೇವರ ಮನೆ ಪಕ್ಕದ ಗೋಡೆಗೆ ಒಂದು, ಎರಡೂ ಸಾಧಾರಣ ಬಲ್ಬ್ ಹಾಕೋ ಹೋಲ್ಡರ್‌ಗಳು. ಕೆಟ್ಟರೆ ಬೀದಿ ಕೊನೆಯ ಅಂಗಡಿಯಿಂದ ಬಲ್ಬ್ ತಂದು ನಾನೇ ಹಾಕ್ತೀನಿ. ಎಲ್ಲಕ್ಕೂ ಬೇರೆ ಬೇರೆ ಸ್ವಿಚ್. ಮಾಮೂಲಿ ಸಂಜೆ ಉರಿಯೋದು 35 ವಾಟ್ ದಾಟಲ್ಲ, ತಿಂಗಳಿಗೆ ಐದು ಯೂನಿಟ್ ಚಿಲ್ಲರೆ. ಬಣ್ಣ 3000 ಕೆಲ್ವಿನ್. ಹಳದಿ ಅಂದ್ರೆ ಹಳೇ ಕಾಲದ್ದು, ಮಂಕು ಅಂತ ಎಲೆಕ್ಟ್ರಿಷಿಯನ್ ಹೇಳೇ ಹೇಳ್ತಾರೆ. ನಮ್ಮ ಜನ ಟ್ಯೂಬ್‌ಲೈಟ್ ಬಂದ ಕಾಲದಿಂದ ಬಿಳಿ ಅಂದ್ರೆ ಪ್ರಕಾಶ ಅಂತ ನಂಬಿಕೊಂಡಿದ್ದಾರೆ. ಒಪ್ಕೋಬೇಡಿ.

ಅಡುಗೆಮನೆಗೆ ಮಾತ್ರ 4000 ಕೆಲ್ವಿನ್, ಸಿಆರ್‌ಐ 90ರ ಮೇಲಿನದ್ದು. ಅದೂ ಕಟ್ಟೆಯ ಮೇಲಿನ ಕಪಾಟಿನ ತಳಕ್ಕೆ ಬರಬೇಕು. ಸೀಲಿಂಗ್ ನಡುವೆ ಹಾಕಿದರೆ ಬೆಳಕು ನಿಮ್ಮ ಬೆನ್ನಿಗೆ, ನಿಮ್ಮದೇ ನೆರಳು ಈಳಿಗೆ ಮಣೆಯ ಮೇಲೆ. ಮೆಟ್ಟಿಲಿಗೂ ಮಲಗೋ ಕೋಣೆಗೂ ಎರಡು ಕಡೆಯಿಂದಲೂ ಹಾಕಿ ಆರಿಸೋ ಟೂ ವೇ ಸ್ವಿಚ್ ಕೇಳಿ, ವೈರ್ ಈಗಲೇ ಎಳೀಬೇಕು. ಸ್ಮಾರ್ಟ್ ಬಲ್ಬ್ ಬೇಡ, ಮನೆಯಲ್ಲಿ ಯಾರಾದರೂ ಗೋಡೆ ಸ್ವಿಚ್ ಆಫ್ ಮಾಡಿದರೆ ಮುಗೀತು ಅದರ ಕೆಲಸ.

ಇನ್ನು ಹೊರಗಡೆ. ಸೋಲಾರ್ ಗಾರ್ಡನ್ ಲೈಟ್ ಬೇಡ ಅಂತ ಸ್ಪಷ್ಟವಾಗಿ ಹೇಳ್ತೀನಿ. 30×40 ಸೈಟಲ್ಲಿ ಕಾಂಪೌಂಡಿನ ಹತ್ತಿರ ಬಿಸಿಲು ಬೀಳೋದೇ ಕಷ್ಟ, ಪಕ್ಕದವರ ಮನೆ ಮೂರಡಿ ದೂರದಲ್ಲಿ ಎದ್ದಿರುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಲ್ಲಿ ಮೋಡ. ಚಾರ್ಜ್ ಆಗದ ಪುಟ್ಟ ಬ್ಯಾಟರಿ ಬೇಗ ಸಾಯುತ್ತೆ, ಆಮೇಲೆ ಅದು ಕಸ. ಅದರ ಬದಲು 5 ವಾಟಿನ ಎಲ್‌ಇಡಿ ಹಾಕಿ, ಕತ್ತಲಾದಾಗ ತಾನೇ ಹತ್ತೋ ಸೆನ್ಸರ್ ಕೂರಿಸಿ. ರಾತ್ರಿಯಿಡೀ ಉರಿದರೂ ತಿಂಗಳಿಗೆ ಎರಡು ಯೂನಿಟ್ ಒಳಗೇ. ಕಾರ್ ನಿಲ್ಲಿಸೋ ಜಾಗಕ್ಕೆ, ಪಕ್ಕದ ಓಣಿಗೆ ಜನ ಬಂದಾಗ ಮಾತ್ರ ಹತ್ತೋ ಮೋಷನ್ ಸೆನ್ಸರ್ ಸಾಕು. ಮಳೆಗೆ ನೆನೆಯೋ ಜಾಗ ಅಂದ್ರೆ ಐಪಿ 65 ಅಂತ, ಅಂದ್ರೆ ಧೂಳು, ನೀರು ಒಳಗೆ ಹೋಗಲ್ಲ ಅಂತ, ಬರೆದಿರೋದೇ ಆಗಬೇಕು.

ಹೊರಗೆ ಬಿಳಿ ಲೈಟ್ ಹಾಕಲೇಬೇಡಿ. ಮೊದಲ ಮುಂಗಾರು ಮಳೆ ನಿಂತ ರಾತ್ರಿ ರೆಕ್ಕೆ ಬಂದ ಗೆದ್ದಲು, ಅದೇ ಮಳೆಹುಳ, ಹೇಗೆ ಮುತ್ತುತ್ತೆ ಅಂತ ನಿಮಗೇ ಗೊತ್ತು. ನೀಲಿ ಅಂಶ ಹೆಚ್ಚಿರೋ ಬೆಳಕಿಗೆ ಹುಳ ಜಾಸ್ತಿ ಬರುತ್ತೆ. ನಮ್ಮ ಬಾಗಿಲ ಮುಂದಿನ ಬಿಳಿ ಲೈಟ್ ಕೆಳಗೆ ಬೆಳಿಗ್ಗೆ ರೆಕ್ಕೆಗಳನ್ನ ಮೊರದಲ್ಲಿ ತುಂಬಬಹುದಿತ್ತು. 2700 ಕೆಲ್ವಿನ್‌ಗೆ ಬದಲಾಯಿಸಿದ ಮೇಲೂ ಬರುತ್ತೆ, ಆದರೆ ಬಾಗಿಲು ತೆಗೆಯೋ ಹಾಗಾದರೂ ಇರುತ್ತೆ. ಲೈಟಿನ ಮುಖ ಕೆಳಕ್ಕಿರಲಿ, ಗೋಡೆಗೋ ಮೆಟ್ಟಿಲಿಗೋ ಬೀಳಲಿ. ಕಾಂಪೌಂಡ್ ಮೇಲೆ ಫ್ಲಡ್ ಲೈಟ್ ಹಾಕಿದರೆ ಅದು ಎದುರುಮನೆಯವರ ಮಲಗೋ ಕೋಣೆಗೇ ಹೊಡೆಯೋದು, ಅವರೂ ಮನುಷ್ಯರು.

ಎಲೆಕ್ಟ್ರಿಷಿಯನ್ ಬರೋ ಮುಂಚೆ ಒಂದು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಸೋಫಾ, ಮಂಚ, ಟಿವಿ, ಊಟದ ಮೇಜು ಎಲ್ಲಿ ಬರುತ್ತೆ ಅಂತ ಗೆರೆ ಎಳೆಯಿರಿ, ಮನೆಯ ಹಿರಿಯರು ಎಲ್ಲಿ ಕೂರ್ತಾರೆ ಅಂತ ಅವರನ್ನೇ ನಿಲ್ಲಿಸಿ ಕೇಳಿ. ಪಾಯಿಂಟ್ ಅದರ ಪ್ರಕಾರ ಗುರುತು ಹಾಕಿ. ಮತ್ತೆ, ಗೇಟಿನ ಕಂಬಕ್ಕೂ ತುಳಸಿ ಕಟ್ಟೆಗೂ ಈಗಲೇ ಒಂದೊಂದು ಖಾಲಿ ಪೈಪ್ ಎಳೆಸಿಬಿಡಿ, ವೈರ್ ಬೇಕಾದರೆ ಆಮೇಲೆ ಹಾಕಿಸ್ಕೋಬಹುದು. ಅಂಗಳಕ್ಕೆ ಗ್ರಾನೈಟ್ ಕೂತ ಮೇಲೆ ಅದನ್ನ ಎಬ್ಬಿಸೋಕೆ ಯಾವ ಕೆಲಸದವರೂ ಒಪ್ಪಲ್ಲ.