ನಿಮ್ಮ ತಂದೆ ಉಂಡ ಊಟ

ಬಡ ಮಕ್ಕಳಿಗೆ ಓದುವ ಅವಕಾಶ ಇನ್ನೂ ಸರಿಸಮ ಸಿಕ್ಕಿಲ್ಲ ಅಂತ ಕಳೆದ ಸಂಚಿಕೆಯ ಶಾಲೆಗಳ ಲೇಖನದಲ್ಲಿ ಬರೆದಿದ್ದೆವು. ಹುಬ್ಬಳ್ಳಿ ವಿದ್ಯಾನಗರದ ಓದುಗರೊಬ್ಬರು ಅದನ್ನು ಓದಿ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: "ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಸಮವಸ್ತ್ರ, ಹಾಲು, ಮೊಟ್ಟೆ, ಊಟ ಎಲ್ಲಾ ಪುಕ್ಕಟೆ. ಇನ್ನೇನು ಕೊಡಬೇಕು? ನನ್ನ ಮಗಳು ಎಸ್‌ಎಸ್‌ಎಲ್‌ಸಿಯಲ್ಲಿ ಶೇ. 96 ತೆಗೆದದ್ದು ದಿನಾ ಮುಂಜಾನೆ ಐದಕ್ಕೆ ಎದ್ದು ಓದಿ. ಎರಡು ಟ್ಯೂಶನ್ ಇದ್ದವು, ನಿಜ, ಆದರೆ ಓದಿದವಳು ಅವಳೇ. ನನ್ನ ತಂದೆ ನರಗುಂದದ ಕಡೆಯ ಹಳ್ಳಿಯಿಂದ ಒಂದು ಕೈಚೀಲ ಹಿಡಿದು ಧಾರವಾಡಕ್ಕೆ ಬಂದರು. ಮುರುಘಾಮಠದಲ್ಲಿ ಉಂಡು, ಓದಿ, ಅಧಿಕಾರಿಯಾದರು. ಓದುವ ಹಸಿವಿದ್ದರೆ ಬಡತನ ಅಡ್ಡ ಬರುವುದಿಲ್ಲ. ನೀವು ಸುಮ್ನೆ ಮಕ್ಕಳಿಗೆ ನೆವ ಹೇಳಿಕೊಡುತ್ತಿದ್ದೀರಿ."

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗಳ ಶ್ರಮದ ಬಗ್ಗೆ ನನಗೆ ಸಂಶಯವೇ ಇಲ್ಲ. ಹದಿನೈದರ ವಯಸ್ಸಿನಲ್ಲಿ ದಿನಾ ಐದಕ್ಕೆ ಏಳುವುದು ಸಣ್ಣ ಮಾತಲ್ಲ. ಅವಳಿಗೆ ನನ್ನ ಅಭಿನಂದನೆ ತಿಳಿಸಿ.

ಐದಕ್ಕೆ ಏಳುವ ಇನ್ನೊಬ್ಬ ಹುಡುಗಿಯನ್ನು ಫೆಬ್ರುವರಿಯಲ್ಲಿ ಬ್ಯಾಡಗಿಯ ಹತ್ತಿರ ನೋಡಿದೆ. ಅವಳೂ ಹತ್ತನೇ ಕ್ಲಾಸು. ಏಳುವುದು ನೀರು ಹಿಡಿಯಲಿಕ್ಕೆ, ರೊಟ್ಟಿ ಬಡಿಯಲಿಕ್ಕೆ. ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಅವ್ವನ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾಳೆ. ಕೂಲಿ ತೂಕದ ಮೇಲೆ. ಹಾಗಾಗಿ ಒಂದು ಕೈ ಹೆಚ್ಚಾದರೂ ಮನೆಗೆ ಅಷ್ಟು ಆಸರೆ. ಬ್ಯಾಡಗಿ ಮಾರುಕಟ್ಟೆಗೆ ಕಾಯಿ ತುಂಬಿ ಬರುವುದು ಜನವರಿಯಿಂದ ಮಾರ್ಚ್ ತನಕ. ಮಕ್ಕಳು ಪರೀಕ್ಷೆಗೆ ಕೂತು ಓದಬೇಕಾದದ್ದೂ ಅದೇ ದಿನಗಳಲ್ಲಿ. ಸಂಜೆ ಅವಳು ಕಟ್ಟೆಯ ಮೇಲೆ ವಿಜ್ಞಾನದ ಪುಸ್ತಕ ಬಿಚ್ಚಿದಳು. ಎಷ್ಟು ತೊಳೆದರೂ ಬೆರಳಿನ ಉರಿ ಹೋಗಿರಲಿಲ್ಲ. ಮುಂಗೈಯಿಂದ ಹಾಳೆ ತಿರುವುತ್ತಿದ್ದಳು. ಕಣ್ಣು ತುರಿಸಿದರೆ ಭುಜಕ್ಕೆ ಒರೆಸಿಕೊಳ್ಳುತ್ತಿದ್ದಳು.

ಪುಸ್ತಕ ಪುಕ್ಕಟೆ ಸಿಕ್ಕಿತ್ತು ಸರ್, ನೀವು ಹೇಳಿದ್ದು ನಿಜ. ಅದನ್ನು ಓದುವ ಹೊತ್ತು ಸಿಕ್ಕಿರಲಿಲ್ಲ.

ಐದನೇ ಕ್ಲಾಸಿನಲ್ಲಿದ್ದಾಗ ಪ್ರವೇಶ ಪರೀಕ್ಷೆ ಬರೆದಿದ್ದರೆ ಅವಳಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆ ಸಿಗಬಹುದಿತ್ತು. ಆರರಿಂದ ಹತ್ತರ ತನಕ ಊಟ, ವಸತಿ, ಪಾಠ ಎಲ್ಲಾ ಒಂದೇ ಕಡೆ. ಯಾಕೆ ಬರೆಸಲಿಲ್ಲ ಅಂತ ಅವ್ವನನ್ನು ಕೇಳಿದೆ. "ಫಾರ್ಮ್ ಬಂದಿದ್ದು ನಮಗ ಯಾರೂ ಹೇಳ್ಲಿಲ್ರಿ. ಗೊತ್ತಾಗೂದ್ರಾಗ ತಾರೀಖ ಮುಗದಿತ್ತು" ಅಂದರು. ಅದಕ್ಕೆ ಜಾತಿ-ಆದಾಯ ಪ್ರಮಾಣಪತ್ರ ಬೇಕು. ಅದನ್ನು ಮಾಡಿಸಲು ನಾಡಕಚೇರಿಗೆ ಅಲೆಯಬೇಕು. ಅಲೆದ ದಿನ ಕೂಲಿ ಇಲ್ಲ. ನಿಮ್ಮ ಮನೆಯಲ್ಲಾಗಲಿ ನಮ್ಮ ಮನೆಯಲ್ಲಾಗಲಿ ಅರ್ಜಿಯ ಕೊನೆಯ ತಾರೀಖು ಯಾವತ್ತಾದರೂ ತಪ್ಪಿದೆಯಾ? ಇಲ್ಲ, ಅಲ್ವಾ? ಯಾರೋ ಪರಿಚಯದವರು ಫೋನ್ ಮಾಡಿಯಾದರೂ ಹೇಳುತ್ತಾರೆ. ಹಣಕ್ಕಿಂತ ಜಾಸ್ತಿ ಕೆಲಸ ಮಾಡುವುದು ಈ ಪರಿಚಯ ಅಂತ ನನಗೆ ಅನಿಸುತ್ತದೆ.

ಖಾಸಗಿ ಶಾಲೆಯ ಬಾಗಿಲನ್ನೂ ಒಮ್ಮೆ ಸ್ವಲ್ಪ ತೆರೆದಿದ್ದೆವು. ಶಿಕ್ಷಣ ಹಕ್ಕು ಕಾಯ್ದೆಯಂತೆ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಮೀಸಲಾದ ಶೇ. 25 ಸೀಟು ನಮ್ಮ ರಾಜ್ಯದಲ್ಲಿ 2012ರಿಂದ ಸಿಗತೊಡಗಿತು. 2019ರಲ್ಲಿ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಹುಬ್ಬಳ್ಳಿಯಂಥ ಊರಲ್ಲಿ ಹತ್ತಿರ ಒಂದು ಸರ್ಕಾರಿ ಶಾಲೆ ಇಲ್ಲದ ಓಣಿ ಎಷ್ಟು ಸಿಕ್ಕೀತು?

ನಾನು ಕಲಿತ ಹಳ್ಳಿ ಶಾಲೆಯಲ್ಲಿ ಗೌಡರ ಮಗ, ಮಾಸ್ತರ ಮಗ, ಕೂಲಿಯವರ ಮಗ ಎಲ್ಲರೂ ಇದ್ದೆವು. ಸರಿಸಮ ಕೂಡಿಸುತ್ತಿದ್ದರು ಅಂತ ಹೇಳಲಾರೆ. ಆದರೆ ಮಾಸ್ತರು ನಾಲ್ಕು ದಿನ ಬರದಿದ್ದರೆ ಗೌಡರು ಕೇಳುತ್ತಿದ್ದರು, ತಮ್ಮ ಮಗನ ಸಲುವಾಗಿಯಾದರೂ. ಈಗ ಕೇಳುವ ಮನೆಗಳ ಮಕ್ಕಳೆಲ್ಲ ಹಳದಿ ಬಸ್ಸು ಹತ್ತಿ ಬೇರೆ ಶಾಲೆಗೆ ಹೋಗುತ್ತಾರೆ. ಊರ ಶಾಲೆಯಲ್ಲಿ ಗಣಿತದ ಹುದ್ದೆ ವರ್ಷಗಟ್ಟಲೆ ಖಾಲಿ ಬಿದ್ದರೂ ಕೇಳುವ ದನಿ ಇಲ್ಲ. ನನಗೆ ಎಲ್ಲಕ್ಕಿಂತ ನೋವು ಕೊಡುವುದು ಇದು.

ಇನ್ನು ನಿಮ್ಮ ತಂದೆಯವರ ವಿಷಯ. ನಿಮ್ಮ ಪತ್ರದಲ್ಲಿ ನನ್ನ ಮನಸ್ಸು ಮುಟ್ಟಿದ ಭಾಗ ಅದೇ. ಅವರಿಗೆ ಓದುವ ಹಸಿವಿತ್ತು, ಖರೆ. ಹೊಟ್ಟೆ ಹಸಿವನ್ನು ಮಠ ನೋಡಿಕೊಂಡಿತು. ಮೃತ್ಯುಂಜಯ ಅಪ್ಪಗಳು ಕಟ್ಟಿ ಬೆಳೆಸಿದ ಆ ಪ್ರಸಾದ ನಿಲಯದಲ್ಲಿ ರೊಟ್ಟಿ ಇತ್ತು, ಮಲಗಲು ಜಾಗ ಇತ್ತು, ಜೊತೆಗೆ ಓದುವ ಹುಡುಗರಿದ್ದರು. ಊರೂರು ತಿರುಗಿ ಜೋಳ ಕೂಡಿಸಿ, ಭಿಕ್ಷೆ ಎತ್ತಿ ನಡೆಸಿದ್ದು ಅದು. ನಿಮ್ಮ ತಂದೆ ರಾತ್ರಿ ಓದಲು ಕೂತಾಗ ಅವರ ಬೆರಳು ಉರಿಯುತ್ತಿರಲಿಲ್ಲ. ಬ್ಯಾಡಗಿಯ ಆ ಹುಡುಗಿಗೂ ಅಷ್ಟು ಸಿಗಲಿ ಅಂತಲೇ ನಾವು ಬರೆಯುತ್ತಿರುವುದು.

ಒಂದು ಕೋರಿಕೆ ಇದೆ. ನರಗುಂದದ ಕಡೆಯ ಆ ಹುಡುಗನಿಗೆ ಧಾರವಾಡದಲ್ಲಿ ಇಂಥ ಮಠ ಇದೆ ಅಂತ ಮೊದಲು ಹೇಳಿದವರು ಯಾರು? ಮಾಸ್ತರರೋ, ಸಂತೆಗೆ ಬಂದ ಯಾರಾದರೂ ನೆಂಟರೋ? ಬಸ್ ಚಾರ್ಜು ಯಾರು ಕೊಟ್ಟರು? ಮನೆಯ ಹಿರಿಯರನ್ನು ಕೇಳಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಹಿಡಿದಿಟ್ಟಿರುತ್ತೇನೆ.

— ಸಂಪಾದಕ